ದಾಳಿ ಸರ್ವರಿಗೆ, ಬೆದರಿಕೆ ಚಿತ್ರಮಂದಿರಕ್ಕೆ: ಎರಡನ್ನೂ ಒಂದೇ ಮೇಜಿಗೆ ತರಬೇಡಿ

2014ರ ನವೆಂಬರ್ 24, ಸೋಮವಾರ. ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿರುವ ಸೋನಿ ಪಿಕ್ಚರ್ಸ್ ನೌಕರರ ಪರದೆಗಳ ಮೇಲೆ ಕೆಂಪು ಅಸ್ಥಿಪಂಜರವೊಂದು ಮೂಡಿತು, ಹಿಂದೆಯೇ ಡಿಸ್ಕ್‌ಗಳು ಅಳಿಸಿಹೋಗತೊಡಗಿದವು. ಇಪ್ಪತ್ತೆರಡು ದಿನ ಕಳೆದು ಡಿಸೆಂಬರ್ 16ರಂದು, ಉತ್ತರ ಕೊರಿಯಾದ ನಾಯಕನ ಹತ್ಯೆಯ ಸಂಚನ್ನೇ ಹಾಸ್ಯ ಮಾಡಿದ್ದ ‘ದಿ ಇಂಟರ್‌ವ್ಯೂ’ ಚಿತ್ರ ತೋರಿಸಿದರೆ 9/11 ನೆನಪಿಸಿಕೊಳ್ಳಿ ಎಂಬ ಬೆದರಿಕೆ ಬಂತು. 17ಕ್ಕೆ ಬಿಡುಗಡೆ ರದ್ದು, 23ಕ್ಕೆ ಮತ್ತೆ ಬಿಡುಗಡೆ ಘೋಷಣೆ. ವಿವಾದದ ಚಿತ್ರವೋ ಸರಣಿಯೋ ಕೈಯಲ್ಲಿರುವ ಯಾವ ಕಂಪನಿಗೂ ಈ ಒಂದು ತಿಂಗಳು ಪಠ್ಯಪುಸ್ತಕವಿದ್ದಂತೆ.

ಮೊದಲ ಕೆಲಸ, ತೀರ್ಮಾನ ಯಾರದ್ದು ಎಂದು ಮುಂಚೆಯೇ ಬರೆದಿಡುವುದು. ನೆಟ್‌ವರ್ಕ್ ಮುಖ್ಯಸ್ಥರಿಗೆ ಯಾರನ್ನೂ ಕೇಳದೆ ಸರ್ವರ್ ಸಂಪರ್ಕ ಕತ್ತರಿಸುವ ಅಧಿಕಾರ ಇರಬೇಕು. ಚಿತ್ರ ಬಿಡುಗಡೆಯ ಬಗ್ಗೆ ಅವರಿಗೆ ಮಾತೇ ಇರಬಾರದು. ಬಿಡುಗಡೆಯ ತೀರ್ಮಾನ ಬೇರೊಬ್ಬರದ್ದು, ಅವರ ಪಕ್ಕದಲ್ಲಿ ವಕೀಲರೊಬ್ಬರು. ಸರ್ವರ್ ಬಿದ್ದಿದೆ ಎಂಬ ಸುಸ್ತಿನಲ್ಲಿ ಚಿತ್ರ ಹಿಂತೆಗೆದುಕೊಳ್ಳುವ ಮಾತು ಸಲೀಸಾಗಿ ಬಾಯಿಗೆ ಬರುತ್ತದೆ.

ಮೊದಲ ದಿನ

ಸೋಂಕು ತಗುಲಿದ ಯಂತ್ರದ ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ, ಆದರೆ ಯಂತ್ರ ಬಂದ್ ಮಾಡಬೇಡಿ. ರ್‍ಯಾಮ್‌ನಲ್ಲಿರುವ ಪುರಾವೆ ಕರೆಂಟ್ ಹೋದೊಡನೆ ಹೋಗುತ್ತದೆ. ಇದಕ್ಕೆ ಒಂದೇ ವಿನಾಯಿತಿ: ಕಣ್ಣೆದುರೇ ಫೈಲ್‌ಗಳು ಅಳಿಯುತ್ತಿದ್ದರೆ ಪ್ಲಗ್ಗನ್ನೇ ಎಳೆಯಿರಿ. ಶಟ್‌ಡೌನ್ ಬಟನ್ ಒತ್ತುತ್ತಾ ಕೂತರೆ ಅಷ್ಟು ಹೊತ್ತೂ ಅಳಿಸುವ ಕೆಲಸ ನಡೆದೇ ಇರುತ್ತದೆ.

ಸೋನಿಯಲ್ಲಿ ಓಡಿದ ಕುತಂತ್ರಾಂಶದೊಳಗೆ ಅದೇ ಕಂಪನಿಯ ಯಂತ್ರಗಳ ಹೆಸರು, ಲಾಗಿನ್ ವಿವರ ಮೊದಲೇ ತುಂಬಿಟ್ಟಿದ್ದವು. ಅಂದರೆ ದಾಳಿಕೋರರು ಅಸ್ಥಿಪಂಜರ ತೋರಿಸುವ ಎಷ್ಟೋ ದಿನ ಮುಂಚೆಯೇ ಒಳಗೆ ಓಡಾಡಿಕೊಂಡಿದ್ದರು. ಹಾಗಾಗಿ ನಿನ್ನೆಯ ಬ್ಯಾಕಪ್ ಹಾಕಿ ಎದ್ದು ನಿಂತೆವು ಅಂದುಕೊಂಡರೆ ಕಳ್ಳನನ್ನೂ ಜೊತೆಗೇ ವಾಪಸ್ ಕರೆತಂದ ಹಾಗೆ. ಮೊದಲು ಒಳನುಸುಳಿದ ದಿನ ಯಾವುದು ಎಂದು ಲಾಗ್‌ನಿಂದ (ಯಂತ್ರಗಳು ತಾವೇ ಬರೆದಿಡುವ ಚಟುವಟಿಕೆ ದಾಖಲೆ) ಪತ್ತೆ ಮಾಡಿ, ಅದಕ್ಕೂ ಹಿಂದಿನ ಪ್ರತಿಯಿಂದ ಕಟ್ಟಿ. ಆ ಪ್ರತಿ ನೆಟ್‌ವರ್ಕಿಗೆ ಅಂಟಿಕೊಳ್ಳದ ಡಿಸ್ಕ್ ಅಥವಾ ಟೇಪ್‌ನಲ್ಲಿದ್ದರೆ ಮಾತ್ರ ಉಳಿದಿರುತ್ತದೆ.

ಪಾಸ್‌ವರ್ಡ್ ಬದಲಿಸುವಾಗ ಬಹಳ ಕಡೆ ಎಡವುವುದು ಒಂದೇ ಜಾಗದಲ್ಲಿ. ಕಂಪನಿಯ ಎಲ್ಲ ಲಾಗಿನ್‌ಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ ವ್ಯವಸ್ಥೆ ಆಕ್ಟಿವ್ ಡೈರೆಕ್ಟರಿಯಲ್ಲಿ, ಪ್ರವೇಶದ ಟಿಕೆಟ್‌ಗಳಿಗೆ ಮುದ್ರೆ ಒತ್ತುವ ಕೆಆರ್‌ಬಿಟಿಜಿಟಿ (krbtgt) ಖಾತೆಯ ಪಾಸ್‌ವರ್ಡನ್ನು ಎರಡು ಸಲ ಬದಲಿಸಬೇಕು, ಏಕೆಂದರೆ ವ್ಯವಸ್ಥೆ ಹಿಂದಿನ ಒಂದನ್ನೂ ಒಪ್ಪಿಕೊಳ್ಳುತ್ತದೆ. ನಡುವೆ ಕನಿಷ್ಠ 10 ಗಂಟೆ ಅಂತರ ಬಿಡಿ. ಲಾಗಿನ್ ಆದವರಿಗೆ ವ್ಯವಸ್ಥೆ ಕೊಡುವ ಈ ಡಿಜಿಟಲ್ ಟಿಕೆಟ್‌ನ ಮಾಮೂಲಿ ಆಯಸ್ಸು ಅಷ್ಟು. ಬೆನ್ನಿಗೇ ಬದಲಿಸಿದರೆ ಸರಿಯಾದ ಸೇವೆಗಳೂ ಕೈಕೊಡುತ್ತವೆ. ಒಂದೇ ಸಲ ಬದಲಿಸಿ ಸುಮ್ಮನಾದರೆ ನಕಲಿ ಟಿಕೆಟ್ ಹಿಡಿದವನು ಒಳಗೇ ಇರುತ್ತಾನೆ.

ಈ ಹೊತ್ತಿನಲ್ಲಿ ಕಂಪನಿಯ ಇಮೇಲ್ ಮುಟ್ಟಬೇಡಿ. ನೀವು ಏನು ಮಾಡುತ್ತಿದ್ದೀರಿ ಎಂದು ದಾಳಿಕೋರರು ಓದುತ್ತಿರಬಹುದು. ಸೋನಿಯವರು ಮೂಲೆಗೆ ಎಸೆದಿದ್ದ ಹಳೇ ಬ್ಲ್ಯಾಕ್‌ಬೆರಿ ಫೋನ್‌ಗಳನ್ನು ಹುಡುಕಿ ತೆಗೆದರು, ಸಂಬಳದ ಚೆಕ್‌ಗಳನ್ನು ಹಳೇ ಯಂತ್ರದಲ್ಲಿ ಮುದ್ರಿಸಿದರು. ಯಾರು ಯಾರಿಗೆ ಫೋನ್ ಮಾಡಬೇಕು ಎಂಬ ಪಟ್ಟಿ ಕಾಗದದ ಮೇಲೆ ಮುಖ್ಯಸ್ಥರ ಮನೆಯಲ್ಲೂ ಒಂದು ಪ್ರತಿ ಇರಲಿ.

ಬೆದರಿಕೆಯ ಇಮೇಲನ್ನು ಫಾರ್ವರ್ಡ್ ಮಾಡಿದರೆ ಅದು ಬಂದ ದಾರಿ ತೋರಿಸುವ ಮೂಲ ಹೆಡರ್ ಉಳಿಯುವುದಿಲ್ಲ, ಸ್ಕ್ರೀನ್‌ಶಾಟ್ ಸಾಕ್ಷಿಯಾಗಿ ದುರ್ಬಲ. ಮೂಲ ಸಂದೇಶವನ್ನು ಹೆಡರ್ ಸಮೇತ ಉಳಿಸುವ ಇಎಂಎಲ್ (.eml) ಫೈಲಾಗಿ ಇಳಿಸಿಕೊಂಡು ಪೊಲೀಸರಿಗೆ ಕೊಡಿ. ಹಿರಿಯರ ಸ್ಪ್ಯಾಮ್ ಫೋಲ್ಡರ್‌ಗಳನ್ನೂ ಜಾಲಾಡಿ. ಸೋನಿ ಮುಖ್ಯಸ್ಥರಿಗೆ ಹಣ ಕೇಳುವ ಪತ್ರ ದಾಳಿಗೆ ಮೂರು ದಿನ ಮುಂಚೆಯೇ ಬಂದಿತ್ತು. ಅದರಲ್ಲಿ ಚಿತ್ರದ ಪ್ರಸ್ತಾಪ ಇರಲಿಲ್ಲ ಎಂಬುದನ್ನೂ ಗಮನಿಸಿ. ಹಾಗಾಗಿ ದಾಳಿಗೆ ಕಾರಣ ಇದೇ, ಮಾಡಿದವರು ಇವರೇ ಎಂದು ಕಂಪನಿ ತಾನಾಗಿ ಹೇಳಬಾರದು. ಎಫ್‌ಬಿಐ ಉತ್ತರ ಕೊರಿಯಾದ ಹೆಸರು ಹೇಳಿದ್ದು ಡಿಸೆಂಬರ್ 19ಕ್ಕೆ, ಪಾರ್ಕ್ ಜಿನ್ ಹ್ಯೋಕ್ ಎಂಬ ಉತ್ತರ ಕೊರಿಯಾದ ಪ್ರೋಗ್ರಾಮರ್ ಮೇಲಿನ ಆರೋಪ ಬಹಿರಂಗವಾಗಿದ್ದು 2018ರಲ್ಲಿ.

ಹಾಲಿವುಡ್ ಚಿತ್ರಗಳ ವಿಎಫ್‌ಎಕ್ಸ್ (ಕಂಪ್ಯೂಟರ್ ದೃಶ್ಯ ಪರಿಣಾಮ) ಮಾಡುವ ಬೆಂಗಳೂರಿನ ಸ್ಟುಡಿಯೋಗಳಿಗೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಹೋಗಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಪೂರ್ತಿ ವಿವರ ಸಿಗಲಿ ಎಂದು ಕಾಯಬೇಡಿ, ಗೊತ್ತಿರುವಷ್ಟನ್ನು ಕಳಿಸಿ. ಲಾಗ್ ವಿಷಯವಂತೂ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ ಆಗಬಾರದು.

ನೌಕರರು

ಸೋನಿಯಲ್ಲಿ ಸುಮಾರು 47,000 ಜನರ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಗಳು (ಅಮೆರಿಕದಲ್ಲಿ ಗುರುತಿಗೆ ಬಳಸುವ ಸಂಖ್ಯೆ) ಹೊರಬಿದ್ದವು. ಡಿಸೆಂಬರ್ 5ರಂದು ನೌಕರರಿಗೇ ನೇರ ಪತ್ರ ಬಂತು: ಕಂಪನಿಯ ವಿರುದ್ಧ ಹೆಸರು ಬರೆದುಕೊಡಿ, ಇಲ್ಲವಾದರೆ ನಿಮ್ಮ ಕುಟುಂಬಕ್ಕೂ ಅಪಾಯ. ಇಂಥ ಪತ್ರ ಬರುವ ಮೊದಲೇ ಕಂಪನಿಯ ಪತ್ರ ಅವರ ಕೈಯಲ್ಲಿರಬೇಕು. ಒಂದು ಪುಟ ಸಾಕು. ಏನು ಸೋರಿದೆ, ಯಾವುದಕ್ಕೆ ಉತ್ತರಿಸಬಾರದು, ರಾತ್ರಿ ಯಾವ ನಂಬರಿಗೆ ಕರೆ ಮಾಡಬೇಕು. ‘ನಿಮ್ಮ ಮಾಹಿತಿ ಸುರಕ್ಷಿತವಾಗಿದೆ’ ಎಂಬ ವಾಕ್ಯ ಬೇಡ, ಮರುದಿನ ಅದು ಸುಳ್ಳಾದರೆ ಮುಂದಿನ ಯಾವ ಪತ್ರವನ್ನೂ ಯಾರೂ ನಂಬುವುದಿಲ್ಲ. ಭಾರತದ ನೌಕರರಿದ್ದರೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವ ಕ್ರಮವನ್ನೂ ಅದರಲ್ಲೇ ಬರೆಯಿರಿ.

ಸೋರಿದ ಇಮೇಲ್ ಪ್ರಕಟಿಸಬೇಡಿ ಎಂದು ಸೋನಿಯ ವಕೀಲರು ಮಾಧ್ಯಮಗಳಿಗೆ ನೋಟಿಸ್ ಕಳಿಸಿದರು. ಆ ನೋಟಿಸೇ ಸುದ್ದಿಯಾಯಿತು. ನೌಕರರ ವೈದ್ಯಕೀಯ ದಾಖಲೆ, ಬ್ಯಾಂಕ್ ವಿವರಗಳಿಗೆ ಮಾತ್ರ ಆ ಅಸ್ತ್ರ ಬಳಸಿ. ಮೇಲಧಿಕಾರಿಗಳು ನಟರ ಬಗ್ಗೆ ಆಡಿಕೊಂಡ ಮಾತು ಹೊರಬಿದ್ದರೆ ಕ್ಷಮೆ ಕೇಳುವುದೇ ಅಗ್ಗ.

ಬಿಡುಗಡೆ

ಸೋನಿ ನಿಜವಾಗಿ ಎಡವಿದ್ದು ಇಲ್ಲಿ. ಬೆದರಿಕೆ ಬಂದೊಡನೆ, ಪ್ರದರ್ಶನ ಕೈಬಿಟ್ಟರೆ ತನ್ನ ತಕರಾರಿಲ್ಲ ಎಂದು ಚಿತ್ರಮಂದಿರಗಳಿಗೆ ತಿಳಿಸಿತು. ಊರೂರಲ್ಲಿ ಚಿತ್ರಮಂದಿರಗಳಿರುವ ದೊಡ್ಡ ಸರಪಳಿ ಕಂಪನಿಗಳು ಒಂದರ ಹಿಂದೊಂದು ಹಿಂದೆ ಸರಿದವು. ಅವರ ಲೆಕ್ಕವೂ ಸುಳ್ಳಲ್ಲ: ಈ ಒಂದು ಚಿತ್ರದ ಭಯಕ್ಕೆ ಜನ ಕ್ರಿಸ್‌ಮಸ್ ವಾರ ಪಕ್ಕದ ಪರದೆಯ ಚಿತ್ರಕ್ಕೂ ಬರುವುದಿಲ್ಲ. ದಾಳಿಗೆ ಸಂಚು ನಡೆದಿರುವ ನಂಬಲರ್ಹ ಮಾಹಿತಿ ಇಲ್ಲ ಎಂದು ಅಮೆರಿಕದ ಗೃಹಭದ್ರತಾ ಇಲಾಖೆ ಹೇಳಿತ್ತು, ಆದರೂ ಆ ಸರಪಳಿಗಳಲ್ಲಿ ಯಾವುದೂ ಗಟ್ಟಿಯಾಗಿ ನಿಲ್ಲಲಿಲ್ಲ.

ಹಾಗಾಗಿ ‘ನಿಮ್ಮಿಷ್ಟ’ ಎಂಬ ಪತ್ರ ಕಳಿಸುವ ಮೊದಲು ಎಲ್ಲ ಸರಪಳಿಗಳನ್ನೂ ಒಂದೇ ಕರೆಯಲ್ಲಿ ಕೂರಿಸಿ. ಪೊಲೀಸರ ಅಂದಾಜನ್ನು ಅವರ ಬಾಯಿಂದಲೇ ಕೇಳಿಸಿ. ಬ್ಯಾಗ್ ತಪಾಸಣೆಯ ಖರ್ಚು, ಟಿಕೆಟ್ ಮರುಪಾವತಿ, ವಿಮೆ ಇವುಗಳಲ್ಲಿ ಯಾವುದು ಯಾರ ತಲೆಗೆ ಎಂದು ಬರಹದಲ್ಲಿ ಒಪ್ಪಿ. ಹಿಂತೆಗೆತ ಅನಿವಾರ್ಯವೇ ಆದರೆ ‘ಮುಂದೂಡಿದ್ದೇವೆ’ ಎನ್ನಿ. ಮುಂದಿನ ಯೋಜನೆಯೇ ಇಲ್ಲ ಎಂದ ಸೋನಿಗೆ, ಅದು ತಪ್ಪು ಎಂಬ ಮಾತು ಅಧ್ಯಕ್ಷ ಒಬಾಮಾ ಬಾಯಿಂದ ಬಂತು.

ಕೊನೆಗೆ ಕೈ ಹಿಡಿದದ್ದು ಆನ್‌ಲೈನ್. ಡಿಸೆಂಬರ್ 24ರಂದು ಯೂಟ್ಯೂಬ್, ಗೂಗಲ್ ಪ್ಲೇ, ಎಕ್ಸ್‌ಬಾಕ್ಸ್ ವಿಡಿಯೋ ಮತ್ತು ಚಿತ್ರದ್ದೇ ತಾಣದಲ್ಲಿ 5.99 ಡಾಲರ್ ಬಾಡಿಗೆಗೆ ಬಂತು. ಮರುದಿನ 300ಕ್ಕೂ ಹೆಚ್ಚು ಸ್ವತಂತ್ರ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಮೊದಲ ನಾಲ್ಕು ದಿನದ ಆನ್‌ಲೈನ್ ಗಳಿಕೆ ಸುಮಾರು 1.5 ಕೋಟಿ ಡಾಲರ್. ಒಂದೇ ವೇದಿಕೆ ನೆಚ್ಚಿದ್ದರೆ ಕಷ್ಟವಿತ್ತು: ಇದಕ್ಕೆ ಸಂಬಂಧವೇ ಇಲ್ಲದ ದಾಳಿಯಿಂದ ಅದೇ ಕ್ರಿಸ್‌ಮಸ್‌ಗೆ ಎಕ್ಸ್‌ಬಾಕ್ಸ್‌ನ ಆನ್‌ಲೈನ್ ಸೇವೆ ಎಕ್ಸ್‌ಬಾಕ್ಸ್ ಲೈವ್ ಕುಸಿದಿತ್ತು. ಇಂಥ ಎರಡನೇ ದಾರಿಯ ಒಪ್ಪಂದ ಬಿಡುಗಡೆಗೆ ಒಂದು ತಿಂಗಳು ಮುಂಚೆಯೇ ಸಹಿಯಾಗಿರಲಿ.

ಭಾರತದಲ್ಲಿ ಕಾನೂನಿನ ಆಸರೆ ಸ್ಪಷ್ಟವಾಗಿದೆ. ಪ್ರತಿಭಟನೆ, ಹಿಂಸೆಯ ಬೆದರಿಕೆ ಇದೆಯೆಂದು ಪ್ರಮಾಣಪತ್ರ ಪಡೆದ ಚಿತ್ರವನ್ನು ತಡೆಯಲಾಗದು ಎಂದು ಸುಪ್ರೀಂ ಕೋರ್ಟ್ ಎಸ್. ರಂಗರಾಜನ್ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ. ರಕ್ಷಣೆ ಕೋರುವ ಅರ್ಜಿಯ ಕರಡು ಬೆದರಿಕೆ ಬರುವ ಮೊದಲೇ ಸಿದ್ಧವಿದ್ದರೆ ಎರಡು ದಿನ ಉಳಿಯುತ್ತದೆ.

ಹಣ ಕೊಟ್ಟು ಮುಗಿಸೋಣ ಎನ್ನುವವರು ಲಾರ್ಸನ್ ಸ್ಟುಡಿಯೋಸ್ ಕಡೆ ನೋಡಲಿ. ಸರಣಿಗಳ ಧ್ವನಿ ಕೆಲಸ ಮಾಡುವ ಈ ಚಿಕ್ಕ ಕಂಪನಿ ಸುಮಾರು 50,000 ಡಾಲರ್ ಬಿಟ್‌ಕಾಯಿನ್ ಕೊಟ್ಟಿತು. ಆದರೂ 2017ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್ ಸರಣಿಯ ಕಂತುಗಳು ಹೊರಬಿದ್ದವು. ಕಳ್ಳರು ನುಗ್ಗಿದ್ದು ಅಪ್‌ಡೇಟ್ ಕಾಣದ ಹಳೇ ವಿಂಡೋಸ್ 7 ಕಂಪ್ಯೂಟರ್ ಮೂಲಕ. ನಿಮ್ಮ ಡಬ್ಬಿಂಗ್, ಸಬ್‌ಟೈಟಲ್, ಟ್ರೈಲರ್ ಮಾಡುವವರ ಹತ್ತಿರ ಈಗ ಯಾವ ಯಂತ್ರದಲ್ಲಿ ನಿಮ್ಮ ಚಿತ್ರ ಕೂತಿದೆ ಎಂದು ಈ ವಾರವೇ ಕೇಳಿ. ಕೆಲಸ ಮುಗಿದ ರೀಲ್ ಅಳಿಸಿದ್ದಾರೆಯೇ ಎಂದೂ ಕೇಳಿ.