ನಿಮ್ಮ ಎಂಎಲ್‌ಎ ಕೈಲಿ ಒಂದು ಒಳ್ಳೆ ಪ್ರಶ್ನೆ ಕೇಳಿಸೋದು ಹೇಗೆ?

ಅಸೆಂಬ್ಲಿ ಅಂದ್ರೆ ಟಿವಿಲಿ ನಮಗೆ ಕಾಣೋದು ಬಾವಿಗಿಳಿದು ಕೂಗೋದು, ಕಾಗದ ಹರಿದು ಎಸೆಯೋದು, ಸದನ ಮುಂದಕ್ಕೆ ಹೋಗೋದು, ಇಷ್ಟೇ. ಆದ್ರೆ ಅದೇ ದಿನ ಒಂದು ದಪ್ಪ ಕಟ್ಟು ಕಾಗದ ಸದನದಲ್ಲಿ ಮಂಡನೆ ಆಗಿರುತ್ತೆ, ಯಾವ ಕ್ಯಾಮೆರಾನೂ ಅದರ ಕಡೆ ತಿರುಗಲ್ಲ. ಶಾಸಕರು ಬರೆದು ಕೇಳಿದ ಪ್ರಶ್ನೆಗೆ ಮಂತ್ರಿಗಳು ಬರೆದು ಕೊಟ್ಟ ಉತ್ತರಗಳು ಅವು. ಯಾವ ತಾಲೂಕಲ್ಲಿ ಎಷ್ಟು ಡಾಕ್ಟರ್ ಪೋಸ್ಟ್ ಖಾಲಿ, ಯಾವ ಯೋಜನೆಗೆ ಎಷ್ಟು ದುಡ್ಡು ಬಂತು, ಎಷ್ಟು ಖರ್ಚಾಯ್ತು ಅನ್ನೋದು ಭಾಷಣಕ್ಕಿಂತ ಜಾಸ್ತಿ ಅಲ್ಲೇ ಸಿಗೋದು.

ಪ್ರಶ್ನೆಲಿ ಮುಖ್ಯವಾಗಿ ಎರಡು ಥರ. ಚುಕ್ಕೆ ಗುರುತಿಂದು ಅಂದ್ರೆ ಮಂತ್ರಿ ಎದ್ದು ನಿಂತು ಉತ್ತರ ಹೇಳ್ಬೇಕು, ಶಾಸಕರು ಉಪಪ್ರಶ್ನೆ ಹಾಕ್ಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರೀ ಬರಹದ ಉತ್ತರ. ಲೋಕಸಭೆಲಿ ದಿನಕ್ಕೆ 20 ಚುಕ್ಕೆದು, 230 ಚುಕ್ಕೆ ಇಲ್ಲದ್ದು. ಆ 20ರಲ್ಲೂ ಒಂದು ಗಂಟೆಯ ಪ್ರಶ್ನೋತ್ತರ ಅವಧಿಲಿ ಬಾಯಲ್ಲಿ ಉತ್ತರ ಸಿಗೋದು ಕೆಲವಕ್ಕೆ ಮಾತ್ರ, ಉಳಿದವು ಬರಹಕ್ಕೇ ಹೋಗುತ್ವೆ. ಎಲ್ಲರೂ ಚುಕ್ಕೆದಕ್ಕೇ ಮುಗಿಬೀಳ್ತಾರೆ, ಟಿವಿಲಿ ಬರುತ್ತಲ್ಲ. ನನ್ನ ಕೇಳಿದ್ರೆ ಅಂಕಿ ಅಂಶ ಬೇಕು ಅನ್ನೋರಿಗೆ ಚುಕ್ಕೆ ಇಲ್ಲದ್ದೇ ಲೇಸು. ಗಲಾಟೆಗೆ ಅದು ಬಲಿ ಆಗಲ್ಲ. 2020ರ ಮಳೆಗಾಲದ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪಾರ್ಲಿಮೆಂಟಲ್ಲಿ ಪ್ರಶ್ನೋತ್ತರ ಅವಧಿನೇ ತೆಗೆದ್ರು, ಆದ್ರೂ ಬರಹದ ಪ್ರಶ್ನೆ ಉಳೀತು, ಲಾಕ್‌ಡೌನಲ್ಲಿ ಊರಿಗೆ ಹೊರಟು ಸತ್ತ ವಲಸೆ ಕಾರ್ಮಿಕರ ಲೆಕ್ಕ ನಮ್ಮ ಹತ್ರ ಇಲ್ಲ ಅಂತ ಕೇಂದ್ರ ಸರ್ಕಾರ ಒಪ್ಕೊಂಡಿದ್ದು ಅಂಥದೊಂದು ಬರಹದ ಉತ್ತರದಲ್ಲೇ.

ಈಗ ಕೆಲಸಕ್ಕೆ ಬರೋಣ. ನಿಮ್ಮೂರಿನ ತಾಲೂಕು ಆಸ್ಪತ್ರೇಲಿ ಹೆರಿಗೆ ಡಾಕ್ಟರ್ ಇಲ್ಲ ಅಂತಿಟ್ಕೊಳ್ಳಿ.

ಮೊದಲು ಯಾವ ಸದನ ಅಂತ ನೋಡ್ಕೊಳ್ಳಿ

ಆಸ್ಪತ್ರೆ ರಾಜ್ಯದ್ದು, ಹಾಗಾಗಿ ವಿಧಾನಸಭೆ ಅಥವಾ ಪರಿಷತ್ತು. ರೈಲ್ವೆ ಗೇಟು, ನ್ಯಾಷನಲ್ ಹೈವೇ, ಪಾಸ್‌ಪೋರ್ಟ್ ಆದ್ರೆ ಎಂಪಿ ಹತ್ರ ಹೋಗಿ. ಇದನ್ನ ಅದಲು ಬದಲು ಮಾಡಿದ್ರೆ ಪ್ರಶ್ನೆ ಸ್ಪೀಕರ್ ಆಫೀಸ್ ಹಂತದಲ್ಲೇ ಬಿದ್ದೋಗುತ್ತೆ, ಇಲ್ಲಾಂದ್ರೆ "ಇದು ರಾಜ್ಯಕ್ಕೆ ಸೇರಿದ ವಿಷಯ" ಅಂತ ಒಂದು ಸಾಲು ವಾಪಸ್ ಬರುತ್ತೆ.

ಎರಡನೇದು, ಬರೆಯೋ ರೀತಿ

ಇಲ್ಲೇ ಮುಕ್ಕಾಲು ಪಾಲು ಪ್ರಶ್ನೆಗಳು ಸಾಯೋದು. ನಮ್ಮ ಶಾಸಕರ ಪ್ರಶ್ನೆಗಳನ್ನ ತೆಗೆದು ನೋಡಿ, ಎಷ್ಟೋ ಪ್ರಶ್ನೆ ಶುರುವಾಗೋದೇ ಹೀಗೆ: "ತಾಲೂಕು ಆಸ್ಪತ್ರೆಯಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಪಕ್ಕದ ಕಾಲಮ್ಮಲ್ಲಿ ಉತ್ತರ: "ಬಂದಿದೆ. ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ವಹಿಸಲಾಗುತ್ತಿದೆ." ಅಥವಾ ಇನ್ನೂ ಸುಲಭವಾಗಿ "ಬಂದಿರುವುದಿಲ್ಲ", ಅದರ ಕೆಳಗೆ "ಉದ್ಭವಿಸುವುದಿಲ್ಲ". ಮುಗೀತು, ಮಂತ್ರಿ ನೆಮ್ಮದಿಯಾಗಿ ಮನೆಗೆ ಹೋದ್ರು.

ಅದೇ ಪ್ರಶ್ನೆನ ಹೀಗೆ ಮುರಿದು ನೋಡಿ. (ಅ) ಈ ಆಸ್ಪತ್ರೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು, ವೃಂದವಾರು (ಅಂದ್ರೆ ಡಾಕ್ಟರ್, ನರ್ಸ್ ಹೀಗೆ ಹುದ್ದೆವಾರು) ವಿವರ ಕೊಡಿ. (ಆ) ಒಂದೊಂದು ಖಾಲಿ ಹುದ್ದೆನೂ ಯಾವ ತಾರೀಕಿಂದ ಖಾಲಿ? (ಇ) ಭರ್ತಿ ಆಗಿರೋ ಹುದ್ದೆಗಳಲ್ಲಿ ಎಷ್ಟು ಜನ ನಿಯೋಜನೆ ಮೇಲೆ ಬೇರೆ ಕಡೆ ಕೆಲಸ ಮಾಡ್ತಿದ್ದಾರೆ, ಆ ಆದೇಶಗಳ ತಾರೀಕು ಏನು? (ಈ) ಕಳೆದ ಮೂರು ವರ್ಷದಲ್ಲಿ ಇಲ್ಲಿ ಆದ ಹೆರಿಗೆ ಎಷ್ಟು, ಜಿಲ್ಲಾಸ್ಪತ್ರೆಗೆ ಕಳಿಸಿದ್ದು ಎಷ್ಟು, ವರ್ಷವಾರು?

ಇದರಲ್ಲಿ ಜೀವ ಇರೋದು (ಇ)ನಲ್ಲಿ. ಕಾಗದದ ಮೇಲೆ ಹುದ್ದೆ ತುಂಬಿರುತ್ತೆ, ಸಂಬಳನೂ ಅಲ್ಲಿಂದಲೇ ಹೋಗುತ್ತೆ, ಮನುಷ್ಯ ಮಾತ್ರ ನಿಯೋಜನೆ ಅಂತ ಬೆಂಗಳೂರಲ್ಲೋ ಜಿಲ್ಲಾ ಕೇಂದ್ರದಲ್ಲೋ ಇರ್ತಾರೆ. ಬರೀ ಖಾಲಿ ಎಷ್ಟು ಅಂತ ಕೇಳಿದ್ರೆ ಈ ವಿಷಯ ಯಾವತ್ತೂ ಹೊರಗೆ ಬರಲ್ಲ, ಅಧಿಕಾರಿಗಳು ಸುಳ್ಳನ್ನೂ ಹೇಳಿರಲ್ಲ, ಕೇಳಿದ್ದಕ್ಕೆ ಸರಿಯಾಗೇ ಉತ್ತರ ಕೊಟ್ಟಿರ್ತಾರೆ.

ಪದದ ಸಂದಿಲಿ ಉತ್ತರ ಹೆಂಗೆ ನುಸುಳ್ಕೊಂಡು ಹೋಗುತ್ತೆ ಅನ್ನೋದಕ್ಕೆ 2021ರ ಜುಲೈ 20ರ ರಾಜ್ಯಸಭೆ ನೆನಪಿಸ್ಕೊಳ್ಳಿ. ಕೋವಿಡ್ ಎರಡನೇ ಅಲೇಲಿ ಆಕ್ಸಿಜನ್ ಇಲ್ಲದೆ ಜನ ಸತ್ತಿದ್ದು ನಿಜಾನಾ ಅಂತ ಪ್ರಶ್ನೆ, ಆಕ್ಸಿಜನ್ ಕೊರತೆಯಿಂದ ಸಾವು ಅಂತ ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಅಂತ ಆರೋಗ್ಯ ಇಲಾಖೆ ಬರಹದ ಉತ್ತರ. ಆಗಿನ್ನೂ ಚಾಮರಾಜನಗರದ ಆಸ್ಪತ್ರೇಲಿ ಒಂದೇ ದಿನದಲ್ಲಿ 24 ಜನ ತೀರಿಹೋಗಿ ಮೂರು ತಿಂಗಳೂ ಆಗಿರಲಿಲ್ಲ. ಸಾವು ಆಗಿಲ್ಲ ಅಂತ ಅವ್ರು ಎಲ್ಲೂ ಹೇಳಿಲ್ಲ ನೋಡಿ, ರಾಜ್ಯಗಳು ಹಾಗಂತ ವರದಿ ಕೊಟ್ಟಿಲ್ಲ ಅಂದಿದ್ದು ಅಷ್ಟೇ. ಇಂಥ ಕಡೆ "ನಿಜಾನಾ" ಅಂತ ಕೇಳಬಾರದು, ರಾಜ್ಯಗಳಿಗೆ ಯಾವ ತಾರೀಕಲ್ಲಿ ಪತ್ರ ಬರೆದು ಮಾಹಿತಿ ಕೇಳಿದ್ರಿ, ಯಾವ ರಾಜ್ಯ ಏನು ಉತ್ತರ ಕೊಡ್ತು ಅಂತ ಕೇಳ್ಬೇಕು. ಈ ಉತ್ತರಕ್ಕೆ ದೇಶ ಎಲ್ಲ ಗಲಾಟೆ ಆದ್ಮೇಲೆ ಕೇಂದ್ರ ರಾಜ್ಯಗಳಿಂದ ಮಾಹಿತಿ ತರಿಸೋಕೆ ಹೊರಡ್ತು.

ನಿಯಮನೂ ಸ್ವಲ್ಪ ತಿಳ್ಕೊಂಡಿರಿ. ಲೋಕಸಭೆಲಿ ಪ್ರಶ್ನೆ 150 ಪದ ಮೀರಬಾರದು, ವಾದ, ವ್ಯಂಗ್ಯ, ಆರೋಪ ಇರಬಾರದು, ಕೋರ್ಟಲ್ಲಿರೋ ವಿಷಯ ಬೇಡ, ಅಭಿಪ್ರಾಯ ಕೇಳೋ ಹಾಗಿಲ್ಲ. ನಮ್ಮ ಸದನಗಳಲ್ಲೂ ಹೆಚ್ಚು ಕಡಿಮೆ ಇದೇ ಧಾಟಿ. ಸಿಟ್ಟು ಬಂದಿದ್ರೆ ಅದನ್ನ ಫೇಸ್‌ಬುಕ್ಕಲ್ಲಿ ಹಾಕಿ, ಪ್ರಶ್ನೆಲಿ ಬರೀ ಸಂಖ್ಯೆ, ತಾರೀಕು, ಆದೇಶ ಇರ್ಲಿ.

ಇನ್ನೊಂದು, ಸಾಧ್ಯ ಆದ್ರೆ ಮೊದ್ಲೇ ಒಂದು ಆರ್‌ಟಿಐ ಹಾಕಿ. 10 ರೂಪಾಯಿ, 30 ದಿನ. ಆರ್‌ಟಿಐಗೆ ಉತ್ತರ ಕೊಡೋದು ಆ ಆಫೀಸಿನ ಮಾಹಿತಿ ಅಧಿಕಾರಿ, ಸದನದ ಪ್ರಶ್ನೆಗೆ ಕೊಡೋದು ಮಂತ್ರಿ. ಎರಡೂ ಕೈಲಿದ್ದು ಲೆಕ್ಕ ತಾಳೆ ಆಗಲಿಲ್ಲ ಅಂದ್ರೆ ಮಂತ್ರಿ ಸದನಕ್ಕೇ ಸಮಜಾಯಿಷಿ ಕೊಡ್ಬೇಕಾಗುತ್ತೆ, ಬೇಕಂತ್ಲೇ ತಪ್ಪು ಹೇಳಿದ್ದಾದ್ರೆ ಹಕ್ಕುಚ್ಯುತಿವರೆಗೂ, ಅಂದ್ರೆ ಸದನದ ಹಕ್ಕಿಗೆ ಧಕ್ಕೆ ತಂದ್ರು ಅನ್ನೋ ಆರೋಪದವರೆಗೂ ಹೋಗ್ಬಹುದು.

ಮೂರನೇದು, ಟೈಮು

ಅಧಿವೇಶನದ ತಾರೀಕು ಪೇಪರಲ್ಲಿ ಬಂದ ದಿನವೇ ಶಾಸಕರ ಪಿಎಗೆ ಕೊಟ್ಬಿಡಿ. ಲೋಕಸಭೆಗೆ 15 ದಿನ ಮುಂಚೆ ನೋಟಿಸ್ ಬೇಕು, ಒಂದೊಂದು ಇಲಾಖೆಗೆ ವಾರದಲ್ಲಿ ಒಂದೊಂದು ದಿನ ಅಂತ ನಿಗದಿ ಇರುತ್ತೆ. ನಮ್ಮ ಕರ್ನಾಟಕದಲ್ಲಿ ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೀಬೇಕು ಅಂತ 2005ರ ಕಾಯ್ದೆನೇ ಇದೆ, ನಡೆಯೋದು ಎಷ್ಟು ಅಂತ ನಿಮಗೂ ಗೊತ್ತು, ಹಾಗಾಗಿ ಸಿಕ್ಕ ಅಧಿವೇಶನ ಬಿಡಬೇಡಿ.

ಪ್ರಶ್ನೆ ಒಳಗೆ ಹೋದ್ಮೇಲೆ ಏನಾಗುತ್ತೆ ಅನ್ನೋದೇ ಒಂದು ಮಜಾ. ವಿಧಾನಸೌಧದಿಂದ ಇಲಾಖೆ ಕಾರ್ಯದರ್ಶಿಗೆ, ಅಲ್ಲಿಂದ ಆಯುಕ್ತರಿಗೆ, ಜಿಲ್ಲೆಗೆ, ತಾಲೂಕಿಗೆ ಇಳಿಯುತ್ತೆ. ಆಫೀಸಲ್ಲಿ ಇದಕ್ಕೆ ಎಲ್‌ಎಕ್ಯೂ (ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್) ಅಂತಾರೆ, ಪರಿಷತ್ತಿಂದಾದ್ರೆ ಎಲ್‌ಸಿಕ್ಯೂ. ಎಲ್‌ಎಕ್ಯೂ ಬಂತು ಅಂದ್ರೆ ಬೇರೆ ಫೈಲ್ ಎಲ್ಲ ಪಕ್ಕಕ್ಕೆ, ಸಂಜೆಯೊಳಗೆ ಮಾಹಿತಿ ಕಳಿಸಿ ಅಂತ ಫೋನು. ಎಷ್ಟೋ ಸಲ ಉತ್ತರ ಬರೋ ಮೊದ್ಲೇ ಕೆಲಸ ಶುರು ಆಗಿಬಿಡುತ್ತೆ, ಯಾಕಂದ್ರೆ "ಕಾಮಗಾರಿ ಪ್ರಗತಿಯಲ್ಲಿದೆ" ಅಂತ ಬರೆಯೋಕೆ ಏನಾದ್ರೂ ಪ್ರಗತಿ ತೋರಿಸ್ಬೇಕಲ್ಲ.

ನಾಲ್ಕನೇದು, ಉತ್ತರ ಬಂದ ಮೇಲೆ

ಬಹಳ ಜನ ಇಲ್ಲಿ ಕೈಬಿಡ್ತಾರೆ. ಮೊದ್ಲು ಅನುಬಂಧ ಓದಿ, ಉತ್ತರದ ಎರಡು ಸಾಲಲ್ಲಿ ಏನೂ ಇರಲ್ಲ, ಟೇಬಲ್‌ನಲ್ಲಿರುತ್ತೆ. "ಮಾಹಿತಿಯನ್ನು ಕ್ರೋಢೀಕರಿಸಲಾಗುತ್ತಿದೆ", "ಪರಿಶೀಲನೆಯಲ್ಲಿದೆ" ಅಂತ ಇದ್ರೆ ಬೇಜಾರಾಗಬೇಡಿ, ಅಂಥ ಮಾತನ್ನ ಭರವಸೆ ಅಂತ ಲೆಕ್ಕಕ್ಕೆ ತಗೊಳ್ಳೋಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಇದೆ. ಲೋಕಸಭೆಲಿ ಆ ಭರವಸೆ ತೀರಿಸೋಕೆ ಮೂರು ತಿಂಗಳು ಗಡುವು. ಮುಂದಿನ ಅಧಿವೇಶನದಲ್ಲಿ ಹಳೇ ಪ್ರಶ್ನೆ ನಂಬರು, ತಾರೀಕು ಹಾಕಿ ಮತ್ತೆ ಕೇಳಿಸಿ: ಈ ದಿನ ಪರಿಶೀಲನೆಯಲ್ಲಿದೆ ಅಂದಿದ್ರಿ, ಪರಿಶೀಲನೆ ಯಾವತ್ತು ಮುಗೀತು, ಆದೇಶದ ಪ್ರತಿ ಕೊಡಿ.

ಬಿಡದೆ ಹಿಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಹಳೇ ಉದಾಹರಣೆ 1957ರ ಮುಂಧ್ರಾ ಪ್ರಕರಣ. ಎಲ್‌ಐಸಿ ಸುಮಾರು ಒಂದೂಕಾಲು ಕೋಟಿ ರೂಪಾಯಿನ ಹರಿದಾಸ್ ಮುಂಧ್ರಾ ಅನ್ನೋ ವ್ಯಾಪಾರಿಯ ಕಂಪನಿಗಳ ಷೇರಿಗೆ ಹಾಕಿತ್ತು, ಲೋಕಸಭೆಲಿ ಪ್ರಶ್ನೆ ಎದ್ದಿತ್ತು, ಫಿರೋಜ್ ಗಾಂಧಿ ಆಳೋ ಪಕ್ಷದವರೇ ಆಗಿದ್ರೂ ಅದನ್ನ ಬಿಡಲಿಲ್ಲ, ನ್ಯಾಯಮೂರ್ತಿ ಚಾಗ್ಲಾ ಅವ್ರ ವಿಚಾರಣೆ ನಡೀತು, 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ರು.

ಒಂದು ಎಚ್ಚರಿಕೆ. ಪ್ರಶ್ನೆ ಬರ್ಕೊಟ್ಟು ಅದರ ಜೊತೆ ಕವರ್ ಕೊಡೋ ಯೋಚನೆ ಯಾರಿಗಾದ್ರೂ ಇದ್ರೆ ನೆನಪಿಟ್ಕೊಳ್ಳಿ, 2005ರಲ್ಲಿ ದುಡ್ಡು ತಗೊಂಡು ಪ್ರಶ್ನೆ ಕೇಳೋಕೆ ಒಪ್ಪಿ ಸಿಕ್ಕಿಬಿದ್ದ 11 ಎಂಪಿಗಳನ್ನ ಪಾರ್ಲಿಮೆಂಟಿಂದಲೇ ಉಚ್ಚಾಟಿಸಿದ್ರು.

ಇನ್ನು, ನಿಮ್ಮ ಎಂಎಲ್‌ಎನೇ ಮಂತ್ರಿ ಆಗಿದ್ರೆ? ಮಂತ್ರಿ ಪ್ರಶ್ನೆ ಕೇಳಲ್ಲ, ಉತ್ತರ ಕೊಡೋ ಕಡೆ ಕೂತಿರ್ತಾರೆ. ಆಗ ಪರಿಷತ್ತಿನ ಕಡೆ ನೋಡಿ. 75 ಜನರಲ್ಲಿ 7 ಜನ ಪದವೀಧರ ಕ್ಷೇತ್ರದವರು, 7 ಜನ ಶಿಕ್ಷಕರ ಕ್ಷೇತ್ರದವರು, 25 ಜನ ಸ್ಥಳೀಯ ಸಂಸ್ಥೆಗಳಿಂದ ಬಂದವರು, ಅಂದ್ರೆ ನಿಮ್ಮ ಜಿಲ್ಲೆಗೆ ಸಂಬಂಧಪಟ್ಟವರು ಒಬ್ಬರಾದ್ರೂ ಇದ್ದೇ ಇರ್ತಾರೆ. ಅವ್ರ ಆಫೀಸಲ್ಲಿ ರಶ್ಶೂ ಕಮ್ಮಿ, ಕೂತು ಮಾತಾಡೋಕೆ ಟೈಮು ಸಿಗುತ್ತೆ.