ಸಿ ಥ್ರೆಡ್‌ಗೆ ಸ್ಟ್ಯಾಕ್ ಕೈಯಾರೆ ಕಟ್ಟುವಾಗ ಆ 8 ಬೈಟ್ ಮರೆಯಬೇಡಿ

ದಾವಣಗೆರೆ, ದುರ್ಗದ ಕಡೆ ಪ್ರಾಜೆಕ್ಟ್‌ಗೆ ಸ್ವಂತ ಥ್ರೆಡ್ ಲೈಬ್ರರಿ ಬರೆಯುತ್ತಿರುವವರು ಗಮನಿಸಿ. ಇದು 64 ಬಿಟ್ ಇಂಟೆಲ್, ಎಎಂಡಿ ಮೇಲಿನ ಲಿನಕ್ಸ್ ಲೆಕ್ಕ.

ಸ್ಟ್ಯಾಕ್‌ಗೆ ಮ್ಯಾಲಾಕ್ ಬೇಡ. ಕರ್ನಲ್‌ನಿಂದ ನೇರ ಮೆಮೊರಿ ಕೇಳುವ ಎಂಮ್ಯಾಪ್‌ನಲ್ಲಿ 64 ಕೆಬಿ ಜೊತೆಗೆ 4096 ಬೈಟ್‌ನ ಇನ್ನೊಂದು ಪುಟ ತಗೊಂಡು, ತೀರಾ ಕೆಳಗಿನ ಪುಟಕ್ಕೆ ಎಂಪ್ರೊಟೆಕ್ಟ್‌ನಿಂದ ಪ್ರಾಟ್_ನನ್ (ಓದೋದು, ಬರೆಯೋದು ಎರಡಕ್ಕೂ ತಡೆ) ಹಾಕಿ. ಸ್ಟ್ಯಾಕ್ ಕೆಳಮುಖವಾಗಿ ಬೆಳೆಯೋದರಿಂದ ತುಂಬಿ ಹರಿದರೆ ಅಲ್ಲೇ ಸೆಗ್‌ಫಾಲ್ಟ್. ದುರ್ಗದ ಕೋಟೆಗೋಡೆ ಇದ್ದ ಹಾಗೆ. ಆದರೆ ಪುಟಕ್ಕಿಂತ ದೊಡ್ಡ ಲೋಕಲ್ ಅರೇ ಈ ಗೋಡೆಯನ್ನೂ ಹಾರಿಬಿಡಬಹುದು.

ಹೆಚ್ಚಿನವರು ಎಡವೋದು ಅಲೈನ್‌ಮೆಂಟ್‌ನಲ್ಲಿ. ಸ್ಟ್ಯಾಕಿನ ಮೇಲಿನ ತುದಿಯ ವಿಳಾಸ 16ರ ಗುಣಕವಾಗಿರಲಿ. ತುದಿಯಿಂದ 8 ಬೈಟ್ ಕೆಳಗೆ ಸೊನ್ನೆ, 16 ಕೆಳಗೆ ಥ್ರೆಡ್ ಫಂಕ್ಷನ್ನಿನ ವಿಳಾಸ, ಅದರ ಕೆಳಗೆ ಆರ್‌ಬಿಎಕ್ಸ್, ಆರ್‌ಬಿಪಿ, ಆರ್12ರಿಂದ ಆರ್15 ಎಂಬ ಆರು ರಿಜಿಸ್ಟರ್‌ಗಳಿಗೆ ಒಟ್ಟು 48 ಬೈಟ್. ಉಳಿಸಿಡುವ ಆರ್‌ಎಸ್‌ಪಿ (ಸ್ಟ್ಯಾಕ್ ಪಾಯಿಂಟರ್) ಎಂದರೆ ತುದಿ − 64. ಥ್ರೆಡ್ ಬದಲಿಸುವ ಕೋಡ್‌ನಲ್ಲಿ ಆರು ಪಾಪ್, ಒಂದು ರೆಟ್ ಆದಾಗ ಆರ್‌ಎಸ್‌ಪಿ ತುದಿ − 8ರಲ್ಲಿ ನಿಲ್ಲುತ್ತದೆ; ಎಬಿಐ (ಫಂಕ್ಷನ್ ಕರೆಯುವಾಗ ಪಾಲಿಸಬೇಕಾದ ಒಪ್ಪಂದ) ಕೇಳೋದೂ ಅದನ್ನೇ. ಆ ಸೊನ್ನೆಯ 8 ಬೈಟ್ ಇಡೋದು ಮರೆತರೆ ಕೋಡ್ ಸ್ವಲ್ಪ ಹೊತ್ತು ಸರಿಯಾಗೇ ಓಡಿ, ಪ್ರಿಂಟ್‌ಎಫ್ ಒಳಗಿನ ಯಾವುದೋ ಮೂವ್‌ಎಪಿಎಸ್ (16ರ ಗುಣಕದ ವಿಳಾಸವನ್ನೇ ಕೇಳುವ ಇನ್‌ಸ್ಟ್ರಕ್ಷನ್) ಮೇಲೆ ಕ್ರ್ಯಾಶ್ ಆಗಬಹುದು. ಡಿಬಗರ್ ಆದ ಜಿಡಿಬಿಯಲ್ಲಿ ಥ್ರೆಡ್ ಫಂಕ್ಷನ್ನಿನ ಮೊದಲ ಇನ್‌ಸ್ಟ್ರಕ್ಷನ್‌ಗೇ ನಿಲ್ಲಿಸಿ ನೋಡಿ: ಆರ್‌ಎಸ್‌ಪಿಯ ಕೊನೆಯ ಹೆಕ್ಸ್ ಅಂಕಿ 8 ಇರಬೇಕು. 0 ಇದ್ದರೆ ತಪ್ಪು ಸಿಕ್ಕಿತು.

ಮುಗಿದ ಥ್ರೆಡ್‌ನ ಸ್ಟ್ಯಾಕನ್ನು ಅದರ ಮೇಲೇ ನಿಂತು ಮನ್‌ಮ್ಯಾಪ್ ಮಾಡಬೇಡಿ, ಬೇರೆ ಸ್ಟ್ಯಾಕ್‌ಗೆ ಹೋದ ಮೇಲೆ ಬಿಡಿಸಿ.