ಹಿಂದಿನ ಹಾಡು ಹಾಕಿ ಸುಮ್ಮನೆ ಕೂತೆ

ಚಿಕ್ಕಂದಿನಲ್ಲಿ ಕೇಳಿ ಅರ್ಧ ಮರೆತ ಹಾಡುಗಳನ್ನು ಹುಡುಕುತ್ತಿದ್ದೇನೆ. ಒಟ್ಟು ಏಳು ಹಾಡು. ಐದು ಸಿಕ್ಕಿವೆ, ಒಂದನ್ನು ಕೈಬಿಟ್ಟಿದ್ದೇನೆ, ಒಂದು ಇನ್ನೂ ಕಾಡುತ್ತಿದೆ. ಇದಕ್ಕೆ ಎರಡು ವರ್ಷ ಹಿಡಿಯಿತು. ದುಡ್ಡು ಸುಮಾರು ಒಂಬತ್ತು ಸಾವಿರ ಹೋಗಿದೆ. ಹೆಂಡತಿಯ ಲೆಕ್ಕದಲ್ಲಿ ಹನ್ನೆರಡು.

"ಬರೋ ಹಾಡು ತಾನಾಗೇ ಬರುತ್ತೆ, ಹುಡುಕಿದರೆ ಓಡಿಹೋಗುತ್ತೆ" ಅಂತ ಗೆಳೆಯರೆಲ್ಲ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ "ಒಂದು ಹಾಡಿದೆ ಮಾರಾಯ, ನನನಾ ನನನಾ ಅಂತ ಶುರುವಾಗುತ್ತೆ" ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನನ್ನು ಜಾಸ್ತಿ ಸತಾಯಿಸಿದ ಹಾಡಿನ ಕಥೆಯನ್ನೇ ಹೇಳುತ್ತೇನೆ. ಹೆಣ್ಣು ದನಿ. ಮಳೆಗಾಲ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಮನೆಯ ನಡುಮನೆ, ಅಣ್ಣನ ಟೇಪ್ ರೆಕಾರ್ಡರ್. ಸಾಲಿನ ಕೊನೆಯಲ್ಲಿ "ತಾಳಿ ತಂದೆ" ಅಂತ ಬರುತ್ತದೆ. ಇಷ್ಟೇ ನನ್ನ ಬಂಡವಾಳ.

ತಾಳಿ ಅಂದ ಮೇಲೆ ಮದುವೆ ಹಾಡೇ ಇರಬೇಕು ಅಲ್ವಾ? ಮೂರು ತಿಂಗಳು ಮದುವೆ ಹಾಡುಗಳನ್ನೇ ಕೇಳಿದೆ. ಎಂಬತ್ತು, ತೊಂಬತ್ತು ಕೇಳಿರಬಹುದು. ಮನೆಯಲ್ಲಿ ಛತ್ರದ ವಾತಾವರಣ. ಮಗಳು "ಅಪ್ಪಾ, ಊಟ ಯಾವಾಗ ಹಾಕ್ತಾರೆ?" ಅಂತ ಕೇಳುತ್ತಿದ್ದಳು. ಹಾಡು ಮಾತ್ರ ಸಿಗಲಿಲ್ಲ.

ಆಮೇಲೆ ಗುನುಗಿ ಹುಡುಕುವುದು. 2020ರಿಂದ ಫೋನಿನಲ್ಲೇ ಈ ಸೌಲಭ್ಯ ಇದೆ, ನಿಮಗೂ ಗೊತ್ತು. ನಾನು ಗುನುಗಿದ್ದಕ್ಕೆ ಶೇಕಡಾ ಹನ್ನೆರಡೋ ಹದಿನಾಲ್ಕೋ ಹೊಂದಿಕೆ ಅಂತ ಯಾವುದೋ ಭಜನೆ ತೋರಿಸಿತು. ತಪ್ಪು ನನ್ನ ಗಂಟಲಿನದ್ದೇ. ಪರೀಕ್ಷೆಗೆ ಅಂತ ಎಲ್ಲರಿಗೂ ಬರುವ 'ಜೊತೆಯಲಿ' ಗುನುಗಿದೆ. 1981ರ 'ಗೀತಾ' ಬರಲಿ ಅಂತ ಕಾದರೆ ಬಂದದ್ದು 2007ರ 'ಚೀನಿ ಕಮ್'. ಅದೂ ಇಳಯರಾಜಾ ಅವರದೇ, ಅದೇ ರಾಗವನ್ನು ಹಿಂದಿಗೆ ಕೊಟ್ಟಿದ್ದು. ಇದರಿಂದ ಒಂದು ಪಾಠ ಕಲಿತೆ. ಇಳಯರಾಜಾ ಹಾಡು ಅನ್ನಿಸಿದರೆ ತಮಿಳು, ತೆಲುಗು, ಹಿಂದಿ ಎಲ್ಲ ಬಾಗಿಲೂ ತಟ್ಟಬೇಕು. ನನ್ನ ಏಳರಲ್ಲಿ ಒಂದು ಹಾಗೆಯೇ, ತಮಿಳಿನ ಹಿತ್ತಿಲ ಬಾಗಿಲಿಂದ ಸಿಕ್ಕಿತು.

ಪದ ಹಾಕಿ ಹುಡುಕುವವರಿಗೆ ನಮ್ಮ ಭಾಷೆಯಲ್ಲಿ ಇನ್ನೊಂದು ಗುಂಡಿ ಇದೆ. ಹಳೆ ಹಾಡಿನ ಮೊದಲ ಸಾಲನ್ನು ಎತ್ತಿ ಹೊಸ ಸಿನಿಮಾಕ್ಕೆ ಹೆಸರಿಡುತ್ತಾರೆ. ತಂಗಿ 'ನಮ್ಮೂರ ಮಂದಾರ ಹೂವೆ' ಹುಡುಕುತ್ತಾ 90ರ ದಶಕದ ಆ ಹೆಸರಿನ ಸಿನಿಮಾದ ಹಾಡುಗಳನ್ನೆಲ್ಲ ಕೇಳಿ "ಇದರಲ್ಲಿ ಇಲ್ವೇ ಇಲ್ಲ" ಅಂದಳು. ಇರುವುದು 1981ರ 'ಆಲೆಮನೆ'ಯಲ್ಲಿ. ಸಂಗೀತ ಸಿ. ಅಶ್ವತ್ಥ್, ಹಾಡಿದ್ದು ಎಸ್‌ಪಿಬಿ. ನಾನು ಅರ್ಧ ನಿಮಿಷದಲ್ಲಿ ಹೇಳಿದೆ. ಅವಳು ಇನ್ನೂ ಒಪ್ಪಿಕೊಂಡಿಲ್ಲ.

ಈಗ ದುಡ್ಡಿನ ವಿಷಯ. ಅಣ್ಣನ ಕ್ಯಾಸೆಟ್ಟುಗಳು ಮನೆಯ ಹೆಂಚು ತೆಗೆಸಿ ತಾರಸಿ ಹಾಕಿಸುವಾಗ ಎಲ್ಲೋ ಹೋದವು. ಹಾಗಾಗಿ ಬೆಂಗಳೂರಿನಲ್ಲಿ ಒಂದು ಹಳೇ ಡೆಕ್ ಕೊಂಡೆ, ಮೂರೂವರೆ ಸಾವಿರ. "ಕಂಡೀಷನ್ ಸೂಪರ್ ಸಾರ್" ಅಂದಿದ್ದ. ಬಿಚ್ಚಿ ನೋಡಿದರೆ ಬೆಲ್ಟ್ ಕರಗಿ ಡಾಂಬರು. ಸ್ಪಿರಿಟ್ಟು, ಹತ್ತಿ, ಒಂದು ಭಾನುವಾರ ಪೂರ್ತಿ. ಬೆರಳಿನ ಕಪ್ಪು ಮೂರು ದಿನ ಹೋಗಲಿಲ್ಲ. ಹೊಸ ಬೆಲ್ಟು, ರಿಪೇರಿ ಅಂತ ಇನ್ನೊಂದು ಎಂಟುನೂರು. ಆಮೇಲೆ ನೂರಿಪ್ಪತ್ತು ಕ್ಯಾಸೆಟ್ಟಿನ ಒಂದು ಮೂಟೆ, ಎರಡು ಸಾವಿರ ಚಿಲ್ಲರೆ. ಅರ್ಧಕ್ಕರ್ಧ ಬಿಳೀ ಬೂಷ್ಟು ಹಿಡಿದಿದ್ದವು. ಓಡಿದ್ದು ಮೂವತ್ತು. ನನಗೆ ಬೇಕಾದ ಒಂದೂ ಇರಲಿಲ್ಲ.

ಡೆಕ್ಕಿನ ಮೋಟಾರು ಸ್ವಲ್ಪ ಜೋರಾಗಿ ಓಡುತ್ತಿತ್ತು. ಎಸ್‌ಪಿಬಿ ಹೈಸ್ಕೂಲ್ ಹುಡುಗನ ಹಾಗೆ ಕೇಳಿಸುತ್ತಿದ್ದರು. ಮೂಟೆಯಲ್ಲಿದ್ದ ಒಂದು ಹಾಡನ್ನು ಫೋನಿಗೆ ಕೇಳಿಸಿದರೆ ಗುರುತೇ ಹಿಡಿಯಲಿಲ್ಲ. ಕಂಪ್ಯೂಟರಿಗೆ ಹಾಕಿ ವೇಗ ಶೇಕಡಾ ಆರೋ ಏಳೋ ಇಳಿಸಿದೆ, ತಕ್ಷಣ ಹೆಸರು ಬಂತು. ಇದು ನಾನು ಹುಡುಕುತ್ತಿದ್ದ ಹಾಡಲ್ಲ, ಆದರೂ ಆವತ್ತು ರಾತ್ರಿ ಸುಮಾರು ಹೊತ್ತು ಇದನ್ನೇ ಆಡುತ್ತಾ ಕೂತಿದ್ದೆ. ನಿಮ್ಮ ಹಳೇ ರೆಕಾರ್ಡಿಂಗ್ ಗುರುತು ಸಿಗದಿದ್ದರೆ ಮೊದಲು ವೇಗ ನೋಡಿ.

ಹಾಡಿನ ಪುಸ್ತಕಗಳನ್ನೂ ಗುಡ್ಡೆ ಹಾಕಿದೆ. ಥಿಯೇಟರಿನ ಮುಂದೆ ಮಾರುತ್ತಿದ್ದರಲ್ಲ, ತೆಳ್ಳನೆ ಕಾಗದದ್ದು, ಕಥಾಸಾರ ಅರ್ಧ ಹೇಳಿ "ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ" ಅನ್ನುವಂಥದ್ದು. ಆಗ ಪೈಸೆ ಲೆಕ್ಕ, ಈಗ ಒಂದಕ್ಕೆ ಐವತ್ತು, ಅರವತ್ತು. ಎಲ್ಲಿ ಸಿಗುತ್ತವೆ ಅಂತ ಹೇಳಲ್ಲ. ಹೇಳಿದರೆ ನೂರೈವತ್ತಾಗುತ್ತದೆ. ಬೆಂಗಳೂರಿನಲ್ಲಿ ಹಳೇ ಪುಸ್ತಕಕ್ಕೆ ಹೆಸರಾದ ಅವೆನ್ಯೂ ರೋಡ್ ಅಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಕೆಲಸ ಕೊಟ್ಟ ಉಪಾಯಕ್ಕೆ ಒಂದು ಪೈಸೆ ಖರ್ಚಿಲ್ಲ. ಅದು ಹೊಳೆದದ್ದು ಪಾತ್ರೆ ತೊಳೆಯುವಾಗ.

ರೇಡಿಯೋದಲ್ಲಿ ವಿವಿಧ ಭಾರತಿ ಇತ್ತು. ಬೇರೆ ಯಾವುದೋ ಹಳೇ ಹಾಡು ಮುಗಿಯಿತು. ನಿರೂಪಕಿ ಮಾತು ಶುರು ಮಾಡುವ ಮೊದಲೇ ನನ್ನ ಬಾಯಿ ಮುಂದಿನ ಹಾಡು ಶುರು ಮಾಡಿತ್ತು. ಅವರು ಹಾಕಲಿದ್ದ ಹಾಡಲ್ಲ, ಅಣ್ಣನ ಕ್ಯಾಸೆಟ್ಟಿನಲ್ಲಿ ಅದರ ನಂತರ ಬರುತ್ತಿದ್ದ ಹಾಡು! ನಲ್ಲಿ ತಿರುಗಿಸದೆ ಹಾಗೇ ನಿಂತುಬಿಟ್ಟೆ.

ನಮ್ಮ ಕಾಲದವರು ಹಾಡು ಬಿಡಿಬಿಡಿಯಾಗಿ ಕೇಳಿದವರಲ್ಲ. ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ ಕೊಟ್ಟು ಅಂಗಡಿಯಲ್ಲಿ ತುಂಬಿಸಿಕೊಂಡು, ಅದೇ ಸಾಲಿನಲ್ಲಿ ನೂರು ಸಲ ಕೇಳಿದವರು. ಹಾಡು ಮರೆತರೂ ಸಾಲು ಮರೆತಿರುವುದಿಲ್ಲ. ಹಾಗಾಗಿ ಬೇಕಾದ ಹಾಡನ್ನು ಹುಡುಕಲೇಬಾರದು. ಅದರ ಹಿಂದಿನ ಹಾಡು ಹಾಕಬೇಕು, ಕೊನೆಯವರೆಗೂ ಕೇಳಬೇಕು, ನಿಂತ ಮೇಲೆ ಬಾಯಿ ಬಿಟ್ಟುಕೊಂಡು ಸುಮ್ಮನೆ ಕೂರಬೇಕು. ನೆನಪಿಸಿಕೊಳ್ಳಲು ಒದ್ದಾಡಿದರೆ ಕೆಟ್ಟಿತು.

ಅಣ್ಣನ ಆ ಕ್ಯಾಸೆಟ್ಟಿನಲ್ಲಿ ಖಂಡಿತ ಇದ್ದದ್ದು ಅಂತ ನನಗೆ ಗೊತ್ತಿದ್ದವು ನಾಲ್ಕು. ಒಂದೊಂದನ್ನೇ ಹಾಕಿದೆ. ದಿನಕ್ಕೆ ಒಂದೇ. ಎರಡು ಹಾಕಿದರೆ ಕಲಸಿಹೋಗುತ್ತದೆ. ಯಾವ ಹೊತ್ತಿನಲ್ಲಿ, ಹೇಗೆ ಕೂತು ಅನ್ನೋದು ನನ್ನಲ್ಲೇ ಇರಲಿ. ಮೂರನೇ ದಿನ 'ಬಯಲುದಾರಿ'ಯ 'ಎಲ್ಲಿರುವೆ ಮನವ ಕಾಡುವ ರೂಪಸಿಯೆ' ಸರದಿ. ಮುಗಿಯಿತು. ಒಳಗೇ ಎರಡು ಸೆಕೆಂಡ್ ಟೇಪಿನ ಸುಯ್ ಸದ್ದು. ಆಮೇಲೆ ಬಂತು ನೋಡಿ! ಪದ ಇಲ್ಲ, ಆದರೆ ಇಡೀ ಸಾಲಿನ ಧಾಟಿ. ಅದರ ತುದಿಗೆ ನನ್ನ "ತಾಳಿ ತಂದೆ".

ಪದ ಹೊಂದಿಸಲು ಹೈಸ್ಕೂಲಿನ ವ್ಯಾಕರಣ ಕೆಲಸಕ್ಕೆ ಬಂತು. ಲಘು ಗುರು ಹಾಕಿದೆ, ಹಳೇ ಪದ್ಯಕ್ಕೆ ಪ್ರಸ್ತಾರ ಹಾಕುವ ಹಾಗೆ. ಗುರು ಗುರು ಲಘು, ಗುರು ಲಘು, ಗುರು ಲಘು, ಗುರು ಲಘು, ಗುರು ಲಘು. ಕಿವಿ ಅಕ್ಷರದಲ್ಲಿ ಮೋಸ ಹೋಗುತ್ತದೆ, ಎಳೆತದಲ್ಲಿ ಮೋಸ ಹೋಗುವುದು ಕಡಿಮೆ. ಚೀಟಿ ಹಿಡಿದು ಹಾಡಿನ ಪುಸ್ತಕಗಳ ಮೊದಲ ಸಾಲುಗಳನ್ನಷ್ಟೇ ಓದುತ್ತಾ ಹೋದೆ. ಎರಡನೇ ಸಂಜೆ ಕಣ್ಣಿಗೆ ಬಿತ್ತು: 'ತಂಗಾಳಿಯಲ್ಲಿ ನಾನು ತೇಲಿ ಬಂದೆ'. ತೇಲಿ ಬಂದೆ! ತಾಳಿ ತಂದೆ! ಗುರು ಲಘು ಗುರು ಲಘು, ಒಂದು ಮಾತ್ರೆ ಆಚೀಚೆ ಇಲ್ಲ. 1980ರ 'ಜನ್ಮ ಜನ್ಮದ ಅನುಬಂಧ', ನಿರ್ದೇಶನ ಶಂಕರ್ ನಾಗ್, ಸಂಗೀತ ಮತ್ತೆ ಇಳಯರಾಜಾ, ದನಿ ಎಸ್. ಜಾನಕಿ. ನಾನು ಮೂರು ತಿಂಗಳು ಕಲ್ಯಾಣ ಮಂಟಪದಲ್ಲಿ ಕಾಯುತ್ತಿದ್ದೆ!

ಗೆಳೆಯರಿಗೆ ಹೇಳಿದರೆ "ಅಯ್ಯೋ, ಇದಾ? ನಮ್ಮನ್ನು ಕೇಳಿದ್ದರೆ ಆಗಲೇ ಹೇಳ್ತಿದ್ವಿ" ಅಂದರು. ಕೇಳಿದ್ದೆ. ಎಲ್ಲರೂ ಮದುವೆ ಹಾಡನ್ನೇ ಹೇಳಿದ್ದರು.

ಅಡ್ಡ ಪ್ರಯೋಗಗಳೂ ಆದವು. ಆಗಿನ ಪೌಡರ್ ವಾಸನೆ ನೋಡಿದರೆ ಹಾಡು ಬರುತ್ತದೆ ಅಂತ ಯಾರೋ ಅಂದರು. ಡಬ್ಬಿ ತಂದೆ, ಸೀನು ಬಂತು. ಅಮ್ಮನ ಮೇಲೆ ಹಿಂದಿನ ಹಾಡಿನ ಪ್ರಯೋಗ ಮಾಡಿದೆ, ನಡೆಯಲಿಲ್ಲ. ಅವರದು ಕ್ಯಾಸೆಟ್ಟಿನ ಸಾಲಲ್ಲ, ಆಕಾಶವಾಣಿ ಭದ್ರಾವತಿಯ ಸಾಲು. "ಚಿತ್ರ... ಸಾಹಿತ್ಯ... ಸಂಗೀತ..." ಅಂತ ನಾನು ನಿರೂಪಕರ ಧಾಟಿಯಲ್ಲಿ ಶುರು ಮಾಡಿದರೆ ಉಳಿದದ್ದು ಅವರ ಬಾಯಲ್ಲಿ ತಾನಾಗೇ ಬರುತ್ತದೆ. ನನ್ನ ಒಂದು ಹಾಡು ಕೊಟ್ಟಿದ್ದು ಅವರೇ.

ಉಳಿದಿರುವ ಹಾಡು ಬೇರೆ ಜಾತಿಯದ್ದು. ಅದು ಕ್ಯಾಸೆಟ್ಟಿನ ಒಂದು ಮಗ್ಗುಲಿನ ಕೊನೆಯ ಹಾಡು. ಅಂಗಡಿಯವರು ಟೇಪ್ ಮುಗಿಯುವವರೆಗೂ ತುಂಬುತ್ತಿದ್ದರಲ್ಲ, ಎರಡನೇ ಚರಣದ ನಡುವೆ ಟಪ್ ಅಂತ ನಿಲ್ಲುತ್ತದೆ. ನಾನು ಅರ್ಧ ಮರೆತಿದ್ದೇನೆ ಅಂದುಕೊಂಡಿದ್ದೆ. ನಾನು ಕೇಳಿದ್ದೇ ಅರ್ಧ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲೆ ಒಂದು ಕ್ಯಾಸೆಟ್ ಡಬ್ಬಿ ಸಿಕ್ಕಿತು. ಒಳಗೆ ಕ್ಯಾಸೆಟ್ ಇಲ್ಲ, ಚೀಟಿ ಮಾತ್ರ ಇದೆ. ನೀಲಿ ರೀಫಿಲ್ಲು, ಅಣ್ಣನ ಕೋಳಿಕಾಲಿನ ಅಕ್ಷರ. ಮಗ್ಗುಲಿನ ಕೊನೆಯದರ ಮೇಲೆ ನೀರು ಬಿದ್ದು ಕಲೆಯಾಗಿದೆ. ಐದನೆಯದು 'ಎಲ್ಲಿರುವೆ'. ಆರನೆಯದರ ಮುಂದೆ ಸ್ಪಷ್ಟವಾಗಿ ಬರೆದಿದ್ದಾನೆ: "ತಾಳಿ ತಂದೆ - ಜಾನಕಿ". ಅಣ್ಣನಿಗೆ ಫೋನ್ ಮಾಡಿದೆ. "ಹೌದು, ಅಂಗಡಿಯವನಿಗೂ ಹಾಗೇ ಹೇಳಿದ್ದೆ" ಅಂದ. "ಅವನು ಏನೂ ಕೇಳದೆ ಸರಿಯಾದ ಹಾಡೇ ತುಂಬಿಸಿಕೊಟ್ಟನಲ್ಲೋ."